ಕಂಪನಿ ಅತ್ತ, ಮನೆ ಇತ್ತ

ಪ್ರಶ್ನೆ: ನಮ್ಮದು ತಮಿಳುನಾಡಿನ ಹೊಸೂರು ಬಳಿಯ ಬಾಗಲೂರು. ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಮನೆಯಿಂದಲೇ ಮಾಡಬಹುದಂತೆ, ಬೇಕಾದರೆ ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೂ ಬರಬಹುದಂತೆ. ದಿನಾ ಹೊಸೂರು, ಅತ್ತಿಬೆಲೆ ದಾಟಿ ಹೋಗಿಬರುವ ಕಷ್ಟ ಯಾಕೆ, ಮನೆಯಲ್ಲೇ ಇರಲಿ ಅಂತ ನಾನು. ಅವಳಿಗೆ ಎರಡು ಮನಸ್ಸು.

ಉತ್ತರ: ಮಗಳ ಅನುಮಾನಕ್ಕೆ ಆಧಾರವಿದೆ ತಾಯಿ. ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್, ಸುಮಿತ್ ಶಿಂದೆ ಎಂಬ ಅರ್ಥಶಾಸ್ತ್ರಜ್ಞರು ಇದೇ ಡೇಟಾ ಎಂಟ್ರಿ ಕೆಲಸವನ್ನು ಚೆನ್ನೈಯಲ್ಲಿ ಪರೀಕ್ಷಿಸಿದ್ದಾರೆ. ಯಾರು ಮನೆಯಲ್ಲಿ, ಯಾರು ಆಫೀಸಿನಲ್ಲಿ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಮನೆಯಲ್ಲಿ ಕುಳಿತವರ ಕೆಲಸ ಶೇ 18ರಷ್ಟು ಕಡಿಮೆಯಾಯಿತು. ಈ ಅಂತರದ ಹೆಚ್ಚಿನ ಪಾಲು ಮೊದಲ ದಿನವೇ ಕಂಡಿತು. ಉಳಿದದ್ದು ಆಫೀಸಿನವರು ಬೇಗ ಕಲಿತದ್ದರಿಂದ ಬಂದದ್ದು. ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ಮನೆಯೇ ಬೇಕು ಎಂದಿದ್ದವರೇ ಮನೆಯಲ್ಲಿ ಹೆಚ್ಚು ಹಿಂದೆ ಬಿದ್ದರು. ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಬೇಕಾದವರು, ಬಡ ಮನೆಯವರು ಅವರಲ್ಲಿದ್ದರು. ಅಂಥವರನ್ನು ಸೋಮಾರಿಗಳೆಂದು ಕರೆಯುವುದು ಅನ್ಯಾಯ. ಅವರ ತಲೆಯ ಮೇಲೆ ಎರಡು ಕೆಲಸಗಳಿದ್ದವು.

ಚೀನಾದ ಸೀಟ್ರಿಪ್ ಕಂಪನಿಯಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010ರಲ್ಲಿ ಆರಂಭಿಸಿದ ಪ್ರಯೋಗದ ಫಲ ಇದಕ್ಕೆ ತದ್ವಿರುದ್ಧ. ಅಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಆದರೆ ಅವರು ಆರು ತಿಂಗಳಾದರೂ ಆಫೀಸಿನಲ್ಲಿ ಪಳಗಿದ್ದವರು. ಮನೆಯಲ್ಲಿ ಸ್ವಂತ ಕೋಣೆ, ಬ್ರಾಡ್‌ಬ್ಯಾಂಡ್ ಇರಲೇಬೇಕೆಂಬ ಷರತ್ತೂ ಇತ್ತು. ಇಷ್ಟಾಗಿಯೂ ಅವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಅದೇ ಕಂಪನಿಯ 1,612 ಮಂದಿಯ ಮೇಲಿನ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು, ಬಡ್ತಿಗೂ ಧಕ್ಕೆಯಾಗಲಿಲ್ಲ.

ಹಾಗಾಗಿ ಮೊದಲ ಆರು ತಿಂಗಳು ಮಗಳು ಆಫೀಸಿಗೆ ಹೋಗಲಿ, ಆಮೇಲೆ ಎರಡು ದಿನ ಮನೆ ಕೇಳಲಿ. ಆ ಎರಡು ದಿನ ಅವಳಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಕೊಡಿ. ಮನೆಯಲ್ಲೇ ಇದ್ದಾಳಲ್ಲ ಅಂತ ಅಡುಗೆಗೆ ಕರೆಯಬೇಡಿ. ನೇಮಕ ಪತ್ರದಲ್ಲಿ ಕೆಲಸದ ಸ್ಥಳ ಯಾವುದೆಂದು ಬರೆಸಿಕೊಳ್ಳಿ. ಪಿಎಫ್, ಇಎಸ್‌ಐ ಕೇಂದ್ರದ ಕಾನೂನುಗಳು, ಅವಕ್ಕೆ ರಾಜ್ಯದ ಗಡಿ ಅಡ್ಡಿಯಲ್ಲ. ವೃತ್ತಿ ತೆರಿಗೆ, ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮಾತ್ರ ರಾಜ್ಯಕ್ಕೊಂದು ಬಗೆ, ಅದಕ್ಕೇ ಸ್ಥಳ ಬರೆಸಿಕೊಳ್ಳಿ ಎಂದದ್ದು.

ಪ್ರಶ್ನೆ: ನಾನು ಫುಡ್ ಡೆಲಿವರಿ ಮಾಡುತ್ತೇನೆ. ಮಧ್ಯಾಹ್ನ ಹೊಸೂರು, ರಾತ್ರಿ ಅತ್ತಿಬೆಲೆ, ಚಂದಾಪುರ. ಆಧಾರ್ ವಿಳಾಸ ಬಾಗಲೂರಿನದು. ಕರ್ನಾಟಕದ ಹೊಸ ಕಾಯ್ದೆಯಿಂದ ನನಗೇನಾದರೂ ಉಂಟೇ ಸಾರ್?

ಉತ್ತರ: ನಿಮ್ಮಂಥ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯ ಪ್ರಕಾರ, ನಿಮಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಶುಲ್ಕವನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲೇ ತಿಳಿಸಬೇಕು. ದಿಢೀರನೆ ಐಡಿ ಬ್ಲಾಕ್ ಆದವರಿಗೆ ಇದರ ಬೆಲೆ ಗೊತ್ತು. ಆದರೆ ಈ ಕಾಯ್ದೆ ನಡೆಯುವುದು ಕರ್ನಾಟಕದೊಳಗೆ. ಹೊಸೂರಿನ ಆರ್ಡರ್ ಅದಕ್ಕೆ ಸೇರದು. ತಮಿಳುನಾಡು 2023ರಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿ ರಚಿಸಿದೆ, ಅಲ್ಲೂ ಹೆಸರು ಬರೆಸಿ.

ಒಂದೇ ಬೈಕು, ಒಂದೇ ಆ್ಯಪು, ಒಂದೇ ದುಡಿಮೆ. ಗಡಿಯಲ್ಲಿರುವ ಅತ್ತಿಬೆಲೆ ದಾಟಿದ ಕೂಡಲೇ ಹಕ್ಕು ಬದಲಾಗುವುದು ಸರಿಯಲ್ಲ. ಎರಡೂ ರಾಜ್ಯಗಳ ಮಂಡಳಿಗಳು ದಾಖಲೆ ಹಂಚಿಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದಕ್ಕೆ ದಾರಿಯಿದೆ. ಆಧಾರ್ ಜೋಡಿಸಿದ ಒಂದೇ ಸಂಖ್ಯೆಯ ಮೇಲೆ ಸೌಲಭ್ಯ ಯಾವ ರಾಜ್ಯಕ್ಕಾದರೂ ನಿಮ್ಮ ಜೊತೆ ಬರಬೇಕು ಎನ್ನುತ್ತದೆ ಸರ್ಕಾರ. ಕೇಂದ್ರದ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ವಾರದ ಪಾವತಿ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಯಾವ ಊರಿನಲ್ಲಿ ಎಷ್ಟು ಆರ್ಡರ್ ಎಂದು ಗುರುತು ಹಾಕಿಡಿ. ನಾಳೆ ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.