ಪಾಠ: ಪರದೇಶದಲ್ಲಿ ಪಾಠ ಹೇಳಿದ ವರ್ಷಗಳು ಪಿಂಚಣಿಗೆ ಸೇರುತ್ತವೆಯೇ?



ಅತ್ತಿಗುಪ್ಪೆ, ವಿಜಯನಗರದ ಖಾಸಗಿ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಕೆಲವರು ದುಬೈ, ಕುವೈತ್, ಮಸ್ಕತ್‌ನ ಶಾಲೆಗಳಿಗೂ ಹೋಗುತ್ತಾರೆ. "ಅಲ್ಲಿ ದುಡಿದ ವರ್ಷ ಇಲ್ಲಿ ಪಿಂಚಣಿಗೆ ಲೆಕ್ಕಕ್ಕೆ ಬರುತ್ತಲ್ವಾ?" ಎಂಬುದು ಅವರೆಲ್ಲರ ಪ್ರಶ್ನೆ. ಉತ್ತರ ತಿಳಿಯೋಣ.

ಇಲ್ಲಿಯ ನಿಯಮ

ಪಿ.ಎಫ್. ಇರುವ ಶಾಲೆಯಲ್ಲಿ, ಆಡಳಿತ ಮಂಡಳಿ ಕಟ್ಟುವ ಪಾಲಿನಿಂದ ಸಂಬಳದ ಶೇ. 8.33 ಭಾಗ 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. 10 ವರ್ಷ ಸೇವೆ ಆಗಿದ್ದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ ಸಿಗುತ್ತದೆ. ಲೆಕ್ಕ ಸುಲಭ: ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು.

ಹೊರದೇಶದ ವರ್ಷಗಳು

ಜರ್ಮನಿ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳ ಜೊತೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಪಿಂಚಣಿಗೆ ಹಣ ಕಟ್ಟಿದ ವರ್ಷಗಳನ್ನು ಅರ್ಹತೆ ನೋಡುವಾಗ ಸೇರಿಸಿಕೊಳ್ಳುತ್ತಾರೆ. ಆದರೆ ಪ್ರತಿ ದೇಶ ಕೊಡುವುದು ತನ್ನ ಪಾಲಿನ ಪಿಂಚಣಿಯನ್ನು ಮಾತ್ರ.

ಕೊಲ್ಲಿ ದೇಶಗಳ ಜೊತೆ ಅಂಥ ಒಪ್ಪಂದವಿಲ್ಲ. ಅಲ್ಲಿ ಎಷ್ಟೇ ವರ್ಷ ದುಡಿದರೂ ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಬಿಡುವಾಗ ಒಟ್ಟಿಗೆ ಗ್ರಾಚ್ಯುಟಿ ಸಿಗುತ್ತದೆ. ಉದಾಹರಣೆಗೆ ಯು.ಎ.ಇ.ಯಲ್ಲಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಮೂಲ ವೇತನ. ಅದು ಬಂದ ಕೂಡಲೇ ಖರ್ಚಾಗಿಬಿಟ್ಟರೆ ಮುಪ್ಪಿಗೆ ಏನು ಉಳಿಯುತ್ತೆ?

ಎಲ್ಲಿ ನಷ್ಟವಾಗುತ್ತದೆ?

ಒಬ್ಬ ಶಿಕ್ಷಕಿ ಇಲ್ಲಿ 6 ವರ್ಷ, ಕೊಲ್ಲಿಯಲ್ಲಿ 8 ವರ್ಷ, ಮರಳಿ ಬಂದು ಇಲ್ಲಿ 5 ವರ್ಷ ಕೆಲಸ ಮಾಡಿದರು ಎಂದುಕೊಳ್ಳಿ. ಹೋಗುವಾಗ ಪಿ.ಎಫ್. ಜೊತೆ ಪಿಂಚಣಿ ಹಣವನ್ನೂ ತೆಗೆದುಕೊಂಡಿದ್ದರೆ ಆ 6 ವರ್ಷ ಅಳಿಸಿಹೋಯಿತು. ಉಳಿದದ್ದು 5 ವರ್ಷ, ಪಿಂಚಣಿ ಇಲ್ಲ.

ಹಣ ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆದಿದ್ದರೆ 6 ಮತ್ತು 5 ಸೇರಿ 11 ವರ್ಷ. ಸರಾಸರಿ ಸಂಬಳ 15,000 ರೂ. ಎಂದು ಹಿಡಿದರೆ ತಿಂಗಳಿಗೆ ಸುಮಾರು 2,357 ರೂ., ಜೀವ ಇರುವವರೆಗೆ. ಹಣ ಚಿಕ್ಕದೇ. ಆದರೆ ಮಾತ್ರೆಗೆ, ಹಾಲಿಗೆ ಮಕ್ಕಳ ಮುಂದೆ ಕೈಚಾಚಬೇಕಾಗಿಲ್ಲ.

ನಾವು ಮಾಡಬೇಕಾದದ್ದು

1. ಹೊರಡುವ ಮುಂಚೆ 10-ಸಿ ಫಾರಂನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಿ.
2. ಯು.ಎ.ಎನ್. ಒಂದೇ ಇರಲಿ, ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದಲಿ.
3. ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ.
4. ಗ್ರಾಚ್ಯುಟಿಯ ಒಂದು ಭಾಗವನ್ನು ಮುಪ್ಪಿಗೆಂದು ತೆಗೆದಿಡಿ. ಅನಿವಾಸಿ ಭಾರತೀಯರೂ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಬಹುದು.

ಸಂಘದಲ್ಲಿ ಚರ್ಚಿಸಿ

• ನಮ್ಮ ಸದಸ್ಯರ ಮನೆಯಲ್ಲಿ ಪಿ.ಎಫ್. ಇರುವವರು ಎಷ್ಟು ಜನ? ಅವರ ಸೇವೆ ಎಷ್ಟು ವರ್ಷ?
• ಕೆಲಸ ಬಿಟ್ಟು ಪಿಂಚಣಿ ಹಣ ತೆಗೆಯಲು ಹೊರಟವರು ಯಾರಾದರೂ ಇದ್ದಾರೆಯೇ? ಇದ್ದರೆ ಈ ವಾರವೇ ಅವರಿಗೆ ಈ ಪಾಠ ಓದಿ ಹೇಳಿ.