ಓಟಿನ ಶೇಕಡಾ ಲೆಕ್ಕ: ಛೇದದಲ್ಲಿ ಯಾರಿದ್ದಾರೆ?

ಪ್ರತಿ ಚುನಾವಣೆ ಮುಗಿದ ಮೇಲೂ ನಾವು ಕೇಳೋ ಮಾತು ಒಂದೇ: "ಬೆಂಗಳೂರಿನವರು ಓಟು ಹಾಕಲ್ಲ." 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ನಡೆದಾಗ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53, ಕೇಂದ್ರ ಮತ್ತು ಉತ್ತರದಲ್ಲಿ ಸುಮಾರು ಶೇ. 54 ಮತದಾನ ಆಯ್ತು. ಅದೇ ದಿನ ಕನಕಪುರ, ಮಾಗಡಿ, ಆನೇಕಲ್ ಎಲ್ಲ ಸೇರುವ ಬೆಂಗಳೂರು ಗ್ರಾಮಾಂತರದಲ್ಲಿ ಸುಮಾರು ಶೇ. 68. ಅಕ್ಕಪಕ್ಕದ ಕ್ಷೇತ್ರಗಳು, ಒಂದೇ ದಿನ ರಜೆ. ಇಷ್ಟು ವ್ಯತ್ಯಾಸಕ್ಕೆ ಬರೀ ಸೋಮಾರಿತನ ಕಾರಣವಾ?

ಮೊದಲು ಭಿನ್ನರಾಶಿ ನೋಡೋಣ. ಅಂಶದಲ್ಲಿ ಚಲಾವಣೆಯಾದ ಓಟು. ಛೇದದಲ್ಲಿ, ಅಂದ್ರೆ ಡಿನಾಮಿನೇಟರ್‌ನಲ್ಲಿ, ಮತದಾರರ ಪಟ್ಟಿಯಲ್ಲಿರೋ ಹೆಸರುಗಳು. ಆ ಏರಿಯಾದಲ್ಲಿ ಈಗ ನಿಜವಾಗಿ ವಾಸ ಇರೋರ ಸಂಖ್ಯೆ ಅದಲ್ಲ.

ಒಂದು ಬೂತ್ ಊಹಿಸಿಕೊಳ್ಳೋಣ. ಪಟ್ಟಿಯಲ್ಲಿ 1,000 ಹೆಸರು, ಬಿದ್ದ ಓಟು 500. ಶೇ. 50. ಆದರೆ ಅದರಲ್ಲಿ 200 ಜನ ಮನೆ ಖಾಲಿ ಮಾಡಿ ಹೋಗಿದ್ದು, ಹೆಸರು ಮಾತ್ರ ಉಳಿದಿದ್ರೆ? ಇರೋ 800 ಜನರಲ್ಲಿ 500, ಅಂದ್ರೆ ಶೇ. 62.5. ಜನ ಅವರೇ, ಓಟೂ ಅಷ್ಟೇ, ಉತ್ತರ ಮಾತ್ರ ಬೇರೆ.

ಬಾಡಿಗೆದಾರರು ಆಗಾಗ ಮನೆ ಬದಲಿಸೋ ಬಡಾವಣೆಯಲ್ಲಿ ಈ ತಪ್ಪು ಹೆಚ್ಚು. ಸ್ವಂತ ಮನೆಯವರೇ ತುಂಬಿರೋ ಕಡೆ ಕಡಿಮೆ. ಹಾಗಂತ ವ್ಯತ್ಯಾಸವೆಲ್ಲ ಪಟ್ಟಿಯದೇ ತಪ್ಪು ಅಂತಲ್ಲ. ಹೆಸರಿದ್ದೂ ಮನೆಯಲ್ಲೇ ಕೂರೋರು ಖಂಡಿತ ಇದ್ದಾರೆ. ಯಾರು ಎಷ್ಟು ಅನ್ನೋದನ್ನ ಶೇಕಡಾ ಒಂದೇ ಹೇಳಲ್ಲ. ಬೂತ್‌ವಾರು ಓಟಿನ ಲೆಕ್ಕ ಫಾರಂ 20ರಲ್ಲಿ ಸಿಗುತ್ತೆ. ಅದನ್ನು ಓದುವಾಗಲೂ ಈ ಪ್ರಶ್ನೆ ನೆನಪಿರಲಿ.

ಇದು ಬರೀ ಲೆಕ್ಕದ ಆಟ ಅಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರದ ಫಲಿತಾಂಶ 57,797ಕ್ಕೆ 57,781. ಅಂತರ 16 ಓಟು. ನಮ್ಮ ಒಂದು ಲ್ಯಾಬ್ ಬ್ಯಾಚ್‌ಗಿಂತ ಕಡಿಮೆ!

ನಮ್ಮಲ್ಲೂ ಎಷ್ಟೋ ಜನರ ಹೆಸರು ಊರಿನ ಪಟ್ಟಿಯಲ್ಲಿದೆ, ಇನ್ನು ಕೆಲವರದ್ದು ಎಲ್ಲೂ ಇಲ್ಲ. ಊರಲ್ಲಿ ಹೆಸರಿದ್ದು ಮತದಾನದ ದಿನ ನಾವು ಹಾಸ್ಟೆಲ್‌ನಲ್ಲೇ ಉಳಿದ್ರೆ, ಆ ಊರಿನ ಛೇದದಲ್ಲಿ ನಾವಿರ್ತೀವಿ, ಅಂಶದಲ್ಲಿ ಇರಲ್ಲ. ಹೊಸದಾಗಿ ಸೇರೋಕೆ ಫಾರಂ 6, ವಿಳಾಸ ಬದಲಿಸೋಕೆ ಫಾರಂ 8. ಊರೋ ಹಾಸ್ಟೆಲ್ಲೋ, ಯಾವುದಾದ್ರೂ ಒಂದೇ ಕಡೆ. ಬೆಂಗಳೂರಿನವರನ್ನ ಬೈಯೋಕೆ ಮುಂಚೆ ನಮ್ಮ ಹೆಸರು ಎಲ್ಲಿದೆ ಅಂತ ನೋಡ್ಕೊಳ್ಳೋಣ.