ವ್ಯವಹಾರಗಣಿತದ ಹೊಸ ನೆಲೆ: ಕರ್ನಾಟಕದ ವಿದ್ಯುತ್ ಯೋಜನೆಯ ಒಂದು ನಿದರ್ಶನ

ಗಣಿತವನ್ನು ಲೋಕವ್ಯವಹಾರದೊಡನೆ ಬೆಸೆಯುವ ಪರಂಪರೆ ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದ ರಾಜಾದಿತ್ಯನು ತನ್ನ ಕೃತಿಯೊಂದಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು. ಅಳತೆ, ತೂಕ, ಕೊಡುಕೊಳ್ಳುವಿಕೆಗಳನ್ನು ದಾಟಿ ಇಡೀ ನಾಡಿನ ಅಗತ್ಯಗಳನ್ನು ಒಂದು ಗಣಿತ ಮಾದರಿಯೊಳಗೆ ತರುವ ಪ್ರಯತ್ನ 20ನೆಯ ಶತಮಾನದ ಕೊನೆಯಲ್ಲಿ ಕರ್ನಾಟಕದಲ್ಲಿಯೇ ನಡೆಯಿತೆಂಬುದು ಗಮನಾರ್ಹ.

ರಾಜ್ಯದ ವಿದ್ಯುತ್ ಕ್ಷೇತ್ರಕ್ಕೆ ದೀರ್ಘಾವಧಿ ಯೋಜನೆಯನ್ನು ರೂಪಿಸಿದ ಸಮಿತಿಯೊಂದು 1987ರಲ್ಲಿ, ಕ್ರಿ.ಶ. 2000ದ ವೇಳೆಗೆ ಸುಮಾರು 47,500 ದಶಲಕ್ಷ ಯೂನಿಟ್ ವಿದ್ಯುತ್ತೂ 9,400 ಮೆಗಾವಾಟ್ ಸಾಮರ್ಥ್ಯವೂ ಬೇಕಾಗುವುದೆಂದು ಅಂದಾಜಿಸಿತು. ಅಪಾರ ಹಣ ತೊಡಗಿಸಿದ ಮೇಲೂ ಕೊರತೆ ಮುಂದಿನ ಶತಮಾನಕ್ಕೂ ಉಳಿಯುವುದೆಂದು ಆ ಯೋಜನೆಯೇ ಒಪ್ಪಿಕೊಂಡಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿ (1930–2006) ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಶ್ನೆಯನ್ನೇ ಬದಲಿಸಿತು. ‘ಎಷ್ಟು ವಿದ್ಯುತ್ ಬೇಕು?’ ಎಂಬುದಕ್ಕಿಂತ ಮೊದಲು ‘ಯಾರಿಗೆ, ಯಾವ ಕೆಲಸಕ್ಕೆ ಬೇಕು?’ ಎಂದು ಅದು ಕೇಳಿತು. ಮನೆ, ಪಂಪುಸೆಟ್ಟು, ಕಾರ್ಖಾನೆ ಇತ್ಯಾದಿ ವರ್ಗಗಳಲ್ಲಿ ಬಳಕೆದಾರರ ಸಂಖ್ಯೆಯನ್ನು ತಲಾ ಬಳಕೆಯಿಂದ ಗುಣಿಸಿ ಕೂಡಿಸುವುದು ಇದರ ಕ್ರಮ. ಎಲ್ಲ ಮನೆಗಳಿಗೂ ವಿದ್ಯುತ್ ಎಂಬುದು ಇಲ್ಲಿ ಲೆಕ್ಕದ ಫಲವಲ್ಲ, ಲೆಕ್ಕದ ಗುರಿ.

ಒಂದು ಸರಳ ಉದಾಹರಣೆಯನ್ನು ಗಮನಿಸಬಹುದು. 60 ವಾಟ್‌ನ ಬಲ್ಬು ದಿನಕ್ಕೆ 4 ಗಂಟೆ ಉರಿದರೆ 0.24 ಯೂನಿಟ್ ವೆಚ್ಚವಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ನೀಡುವ 15 ವಾಟ್‌ನ ದೀಪಕ್ಕೆ 0.06 ಯೂನಿಟ್ ಸಾಕು. ಒಂದು ಮನೆಗೆ ಸಲ್ಲುತ್ತಿದ್ದ ವಿದ್ಯುತ್ತು ನಾಲ್ಕು ಮನೆಗಳನ್ನು ಬೆಳಗುತ್ತದೆ. ಆದ್ದರಿಂದ ಉಳಿಸಿದ ಯೂನಿಟ್ಟನ್ನೂ ಉತ್ಪಾದಿಸಿದ ಯೂನಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಕಡಿಮೆ ವೆಚ್ಚದ್ದನ್ನು ಮೊದಲು ಆರಿಸಬೇಕೆಂಬುದು ಈ ಚಿಂತನೆಯ ತಿರುಳು. ಈ ಕ್ರಮದಿಂದ 2000ದ ಅಗತ್ಯವು ಸುಮಾರು 17,900 ದಶಲಕ್ಷ ಯೂನಿಟ್, 4,000 ಮೆಗಾವಾಟ್‌ಗಳಿಗೆ ಇಳಿಯಿತು.

ನಿಗಡಿ, ಪಿಂಪರಿ, ಚಿಂಚವಾಡಗಳ ಕೈಗಾರಿಕಾ ವಲಯವನ್ನು ಒಳಗೊಂಡ ಮಹಾರಾಷ್ಟ್ರಕ್ಕೂ ಕನಿಷ್ಠ ವೆಚ್ಚದ ವಿದ್ಯುತ್ ಯೋಜನೆಯೊಂದನ್ನು ಪುಣೆಯ ‘ಪ್ರಯಾಸ್’ ಸಂಸ್ಥೆಯ ಗಿರೀಶ್ ಸಂತ್ ಮತ್ತು ಶಂತನು ದೀಕ್ಷಿತ್ ಅವರು ಮುಂದೆ ರೂಪಿಸಿದರು.

ಎರಡೂ ಅಂದಾಜುಗಳಲ್ಲಿ ಗುಣಾಕಾರ, ಸಂಕಲನಗಳ ನಿಯಮ ಒಂದೇ. ಭಿನ್ನವಾದುದು ಆರಂಭದ ಗೃಹೀತ. ಕತ್ತಲೆಯ ಗುಡಿಸಲನ್ನು ಲೆಕ್ಕದೊಳಗೆ ಸೇರಿಸಬೇಕೇ ಬೇಡವೇ ಎಂಬುದನ್ನು ಗಣಿತವು ತಾನಾಗಿ ಹೇಳಲಾರದು. ಸೇರಿಸಲು ಮನಸ್ಸು ಮಾಡಿದವರಿಗೆ ಅದು ದಾರಿಯನ್ನು ತೋರಬಲ್ಲದು. ಮಾದರಿಯೊಂದರ ಉತ್ತರವನ್ನು ಒಪ್ಪುವ ಮುನ್ನ ಅದರ ಗೃಹೀತಗಳನ್ನು ಪರೀಕ್ಷಿಸುವುದು ವಿವೇಕದ ಮೊದಲ ಹೆಜ್ಜೆ.